ಪಕ್ಕದ ಎಲಿಮೆಂಟ್ ನೋಡಿ ಸ್ಟೈಲ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶನಿವಾರ ಮಧ್ಯಾಹ್ನ ಮಂಗಳೂರಿನ ಕಂಕನಾಡಿಯಲ್ಲಿ ಒಂದು ಮಾಳಿಗೆ ಕೋಣೆಯಲ್ಲಿ ಏಳೆಂಟು ಜನ ಸೇರುತ್ತೇವೆ. ವೆಬ್ ಪುಟ ಮಾಡುವುದು ಹೇಗೆ ಅಂತ ನನಗೆ ಗೊತ್ತಿದ್ದಷ್ಟು ಹೇಳಿಕೊಡುತ್ತೇನೆ. ಪುಟ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ ಸಿಎಸ್‌ಎಸ್. ಅದರಲ್ಲಿ ಬಣ್ಣ, ಫಾಂಟ್, ಬಾರ್ಡರ್ ಎಲ್ಲ ಬೇಗ ಬರುತ್ತದೆ. "ಇದರ ಪಕ್ಕದಲ್ಲಿ ಅದು ಇದ್ದರೆ ಮಾತ್ರ ಹೀಗೆ ಕಾಣಬೇಕು" ಎನ್ನುವಲ್ಲಿಗೆ ಬಂದಾಗ ಮಾತ್ರ ಬಹುತೇಕ ಎಲ್ಲರೂ ಸಿಕ್ಕಿಬೀಳುತ್ತಾರೆ. ಅದೇ ಪ್ರಶ್ನೆಗಳು ವಾಟ್ಸಾಪ್‌ನಲ್ಲಿ ತಿರುಗಿ ತಿರುಗಿ ಬರುತ್ತವೆ. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾವು ಅಭ್ಯಾಸಕ್ಕೆ ಮಾಡುವ ಪುಟ ಮಂಗಳೂರು–ಉಡುಪಿ ಬಸ್ಸಿನ ನಿಲ್ದಾಣಗಳ ಪಟ್ಟಿ. ಕೊಟ್ಟಾರ ಚೌಕಿ, ಕೂಳೂರು, ಪಣಂಬೂರು, ಸುರತ್ಕಲ್, ಮುಕ್ಕ, ಹಳೆಯಂಗಡಿ, ಮುಲ್ಕಿ, ಪಡುಬಿದ್ರಿ, ಉಚ್ಚಿಲ, ಕಾಪು, ಕಟಪಾಡಿ, ಉದ್ಯಾವರ, ಉಡುಪಿ. ಕೆಳಗಿನ ಉದಾಹರಣೆಗಳಲ್ಲಿ ಹೆಚ್ಚಿನವು ಈ ಪಟ್ಟಿಯದ್ದೇ. ಪ್ರತಿ ಊರಿಗೂ "ನಿಲ್ದಾಣ" ಎಂಬ ಕ್ಲಾಸ್ (ನಾವೇ ಕೊಡುವ ಗುರುತಿನ ಹೆಸರು) ಇದೆ, ಊರಿನ ಹೆಸರಿನದ್ದೇ ಇನ್ನೊಂದು ಕ್ಲಾಸೂ ಇದೆ. ಬಸ್ ಸದ್ಯ ನಿಂತಿರುವ ಊರಿಗೆ ಜೊತೆಗೆ "ಈಗ" ಎಂಬ ಕ್ಲಾಸ್ ಕೂಡ ಇದೆ.

ಒಂದು ಸೂಚನೆ. ಹ್ಯಾಸ್, ನಾಟ್, ಚೆಕ್ಡ್ ಮುಂತಾದ ಸಿಎಸ್‌ಎಸ್‌ನ ಸ್ವಂತ ಪದಗಳನ್ನು ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಇಲ್ಲಿ ಓದುವುದಕ್ಕೆ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಕ್ಲಾಸ್ ಹೆಸರುಗಳು ಮಾತ್ರ ಹೀಗೇ ಕನ್ನಡದಲ್ಲಿ ಇದ್ದರೂ ನಡೆಯುತ್ತದೆ. ಅದರ ಬಗ್ಗೆ ಮುಂದೆ ಒಂದು ಪ್ರಶ್ನೆ ಇದೆ.

ಸಿಬ್ಲಿಂಗ್ ಅಂದರೆ ಯಾರು? ಸ್ಕ್ರೀನ್ ಮೇಲೆ ಪಕ್ಕದಲ್ಲಿ ಕಾಣುವುದೆಲ್ಲ ಸಿಬ್ಲಿಂಗಾ?

ಅಲ್ಲ. ಪ್ಯಾರಾ, ಫೋಟೋ, ಬಟನ್ ಹೀಗೆ ಪುಟದ ಒಂದೊಂದು ತುಣುಕೂ ಒಂದು ಎಲಿಮೆಂಟ್. ಅದನ್ನು ಒಳಗಿಟ್ಟುಕೊಂಡಿರುವ ಹೊರಗಿನ ಎಲಿಮೆಂಟ್ ಅದರ ಪೇರೆಂಟ್. ಒಂದೇ ಪೇರೆಂಟ್ ಒಳಗೆ, ಒಂದೇ ಮಟ್ಟದಲ್ಲಿ ಇರುವ ಎಲಿಮೆಂಟ್‌ಗಳು ಮಾತ್ರ ಸಿಬ್ಲಿಂಗ್. ಎದುರುಬದುರು ಮನೆಯಲ್ಲಿ ಇದ್ದ ಮಾತ್ರಕ್ಕೆ ಅಣ್ಣ ತಮ್ಮ ಆಗುವುದಿಲ್ಲ, ಅಲ್ವಾ?

ಎರಡು ಕಾಲಂ ಇರುವ ಪುಟ ಇದೆ ಅಂತಿಟ್ಟುಕೊಳ್ಳಿ. ಎಡಗಡೆಯ ಡಿವ್ (ಬೇರೆಯವನ್ನು ಒಳಗಿಡುವ ಡಬ್ಬಿಯಂಥ ಎಲಿಮೆಂಟ್) ಒಳಗೆ ಫೋಟೋ, ಬಲಗಡೆಯ ಡಿವ್ ಒಳಗೆ ಬಟನ್. ಕಣ್ಣಿಗೆ ಫೋಟೋ ಮತ್ತು ಬಟನ್ ಅಂಟಿಕೊಂಡಂತೆ ಕಾಣಬಹುದು. ಬ್ರೌಸರ್‌ಗೆ ಅವೆರಡಕ್ಕೂ ನೇರ ಸಂಬಂಧ ಇಲ್ಲ. ಸಿಬ್ಲಿಂಗ್ ಆಗಿರುವುದು ಆ ಎರಡು ಡಿವ್‌ಗಳು. ನಮ್ಮ ಶನಿವಾರದ ಪಾಠದಲ್ಲಿ ಬರುವ ಅರ್ಧ ಸಮಸ್ಯೆ ಇಲ್ಲೇ ಮುಗಿಯುತ್ತದೆ. ಸ್ಕ್ರೀನ್ ನೋಡಬೇಡಿ, ಪುಟದ ರಚನೆ ಬರೆದಿರುವ ಎಚ್‌ಟಿಎಂಎಲ್ ನೋಡಿ.

ಪ್ಲಸ್ ಚಿಹ್ನೆಗೂ ಟಿಲ್ಡ್ ಚಿಹ್ನೆಗೂ ಏನು ವ್ಯತ್ಯಾಸ?

ಸಿಬ್ಲಿಂಗ್ ಹಿಡಿಯಲು ಸಿಎಸ್‌ಎಸ್‌ನಲ್ಲಿ ಇರುವ ಚಿಹ್ನೆಗಳು ಇವು. ಪ್ಲಸ್ ಅಂದರೆ ಮುಂದಿನ ಒಂದೇ ನಿಲ್ದಾಣ. ಟಿಲ್ಡ್ ಅಂದರೆ ಅಲ್ಲಿಂದ ಮುಂದಿನ ಎಲ್ಲ ನಿಲ್ದಾಣ. ಕೆಳಗೆ ಚುಕ್ಕಿ ಹಾಕಿ ಬರೆದದ್ದು ಕ್ಲಾಸ್ ಹೆಸರು.

.ಸುರತ್ಕಲ್ + .ನಿಲ್ದಾಣ

ಇದು ಮುಕ್ಕವನ್ನು ಮಾತ್ರ ಹಿಡಿಯುತ್ತದೆ.

.ಸುರತ್ಕಲ್ ~ .ನಿಲ್ದಾಣ

ಇದು ಮುಕ್ಕದಿಂದ ಉಡುಪಿ ತನಕ ಎಲ್ಲವನ್ನೂ ಹಿಡಿಯುತ್ತದೆ. ಎರಡರಲ್ಲೂ ಸುರತ್ಕಲ್‌ಗೆ ಏನೂ ಆಗುವುದಿಲ್ಲ. ಹೊಸಬರು ತಪ್ಪುವುದು ಇಲ್ಲೇ. ಸೆಲೆಕ್ಟರ್‌ನಲ್ಲಿ, ಅಂದರೆ ಯಾರಿಗೆ ಸ್ಟೈಲ್ ಅಂತ ಹೇಳುವ ಇಂಥ ಸಾಲಿನಲ್ಲಿ, ಎಷ್ಟೇ ಹೆಸರು ಇರಲಿ, ಬಣ್ಣ ಬೀಳುವುದು ಬಲತುದಿಯಲ್ಲಿ ಇರುವುದಕ್ಕೆ. ಎಡಗಡೆ ಇರುವುದು ಬರೀ ಗುರುತು, ವಿಳಾಸ ಹೇಳುವಾಗ "ಜ್ಯೋತಿ ಸರ್ಕಲ್ ದಾಟಿದ ಮೇಲೆ" ಅಂತೇವಲ್ಲ, ಹಾಗೆ.

ಪ್ಲಸ್ 1998ರ ಸಿಎಸ್‌ಎಸ್ 2ರಿಂದಲೇ ಇದೆ. ಟಿಲ್ಡ್ ಬಂದದ್ದು ಅದರ ನಂತರದ ಸೆಲೆಕ್ಟರ್ಸ್ ಲೆವೆಲ್ 3ರಲ್ಲಿ. ಇವತ್ತು ಯಾವ ಬ್ರೌಸರ್‌ನಲ್ಲೂ ಇವೆರಡರ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ನನಗೆ ಟಿಲ್ಡ್ ಇಷ್ಟ ಆಗುವುದಕ್ಕೆ ಒಂದು ಕಾರಣ ಇದೆ. ನಮ್ಮ ಬಸ್ ಪುಟದಲ್ಲಿ ಮುಂದೆ ಬರಲಿರುವ ಊರುಗಳು ತಿಳಿ ನೀಲಿಯಲ್ಲಿ ಕಾಣಬೇಕು. ಅದಕ್ಕೆ ಇಷ್ಟು ಸಾಕು:

.ಈಗ ~ .ನಿಲ್ದಾಣ

ಬಸ್ ಮುಂದೆ ಹೋದಾಗ ಜಾವಾಸ್ಕ್ರಿಪ್ಟ್ ಮಾಡಬೇಕಾದ ಕೆಲಸ ಒಂದೇ. "ಈಗ" ಎಂಬ ಕ್ಲಾಸ್ ಅನ್ನು ಮುಂದಿನ ಊರಿಗೆ ದಾಟಿಸುವುದು. ಹದಿಮೂರು ಊರುಗಳ ಬಣ್ಣವನ್ನು ಒಂದೊಂದಾಗಿ ಬದಲಿಸುತ್ತಾ ಕೂರಬೇಕಾಗಿಲ್ಲ.

ಪ್ಲಸ್ ಸರಿಯಾಗಿಯೇ ಹಾಕಿದ್ದೇನೆ. ಆದರೂ ಕೆಲಸ ಮಾಡುತ್ತಿಲ್ಲ. ಯಾಕೆ?

ನಡುವೆ ಯಾರೋ ಕೂತಿದ್ದಾರೆ. ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ.

ಪ್ಲಸ್ ಹೇಳುವುದು "ಮುಂದೆ ಎಲ್ಲಾದರೂ ಇರುವ ಮೊದಲನೆಯದು" ಅಂತ ಅಲ್ಲ. "ತಕ್ಷಣ ಮುಂದಿನದು, ಮತ್ತು ಅದು ಇದೇ ಆಗಿರಬೇಕು" ಅಂತ. ನಡುವೆ ಒಂದು ಲೈನ್ ಬ್ರೇಕ್ ಟ್ಯಾಗ್ ಇರಲಿ, ಸ್ಕ್ರಿಪ್ಟ್ ಟ್ಯಾಗ್ ಇರಲಿ, ಖಾಲಿ ಡಿವ್ ಇರಲಿ, ಸಂಬಂಧ ಕಡಿದುಹೋಯಿತು. ಸುಮ್ನೆ ಬರೆದ ಅಕ್ಷರಗಳು ಮತ್ತು ಕಾಮೆಂಟ್ ಮಾತ್ರ ಲೆಕ್ಕಕ್ಕಿಲ್ಲ. ಎರಡು ಎಲಿಮೆಂಟ್‌ಗಳ ನಡುವೆ ಟ್ಯಾಗ್ ಇಲ್ಲದ ಒಂದು ಇಡೀ ವಾಕ್ಯ ಇದ್ದರೂ ಅವು ಪಕ್ಕಪಕ್ಕದವೇ. ವಿಚಿತ್ರ ಅನಿಸಬಹುದು, ಆದರೆ ನಿಯಮ ಹಾಗೇ ಇದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. ಕೆಲವು ವರ್ಷ ಹಿಂದೆ ಉಡುಪಿ ಕಡೆಯ ಒಂದು ಹೋಟೆಲಿಗೆ ಮೆನು ಪುಟ ಮಾಡಿಕೊಟ್ಟಿದ್ದೆ. ಪ್ರತಿ ತಿಂಡಿಯ ಮೇಲೆ ಒಂದು ತೆಳು ಗೆರೆ. ತಲೆಬರಹದ ಕೆಳಗಿನ ಮೊದಲ ತಿಂಡಿಗೆ ಮಾತ್ರ ಗೆರೆ ಬೇಡ.

.ತಲೆಬರಹ + .ತಿಂಡಿ

ಹೀಗೆ ಬರೆದು ಗೆರೆ ತೆಗೆದಿದ್ದೆ. "ಬೆಳಗ್ಗಿನ ತಿಂಡಿ" ಕೆಳಗೆ ಬನ್ಸ್, ಗೋಳಿಬಜೆ, ನೀರ್‌ದೋಸೆ, ಎಲ್ಲ ಚಂದ ಕಾಣುತ್ತಿತ್ತು. ಒಂದು ತಿಂಗಳು ಕಳೆದ ಮೇಲೆ ಫೋನ್ ಬಂತು, "ಮಾರಾಯ್ರೆ, ಬನ್ಸಿನ ತಲೆ ಮೇಲೆ ಗೆರೆ ಬಂದಿದೆ." ಕ್ಯಾಶೆ (ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಇರಬೇಕು ಅಂದುಕೊಂಡು ಒಂದು ಗಂಟೆ ಹಾಳು ಮಾಡಿದೆ. ಕೊನೆಗೆ ಇನ್‌ಸ್ಪೆಕ್ಟ್ ಮಾಡಿ ನೋಡಿದರೆ, ಅವರಲ್ಲಿ ಯಾರೋ ತಲೆಬರಹದ ಕೆಳಗೆ "ಇವತ್ತಿನ ವಿಶೇಷ" ಎಂಬ ಡಿವ್ ಸೇರಿಸಿದ್ದರು. ವಿಶೇಷ ಇಲ್ಲದ ದಿನ ಅದನ್ನು ಡಿಸ್‌ಪ್ಲೇ ನನ್ ಮಾಡಿ ಅಡಗಿಸಿದ್ದರು. ಕಣ್ಣಿಗೆ ಕಾಣುವುದಿಲ್ಲ, ಜಾಗವನ್ನೂ ಹಿಡಿಯುವುದಿಲ್ಲ. ಆದರೆ ಸಾಲಿನಲ್ಲಿ ಕೂತಿದೆ! ಅಡಗಿಸಿದ ಎಲಿಮೆಂಟ್ ಕೂಡ ಸಿಬ್ಲಿಂಗೇ. ಮೊಬೈಲ್‌ನಲ್ಲಿ ಅಡಗಿಸಿ ಕಂಪ್ಯೂಟರ್‌ನಲ್ಲಿ ತೋರಿಸುವ ಬ್ಯಾನರ್‌ಗಳೂ ಹೀಗೇ ಕೈ ಕೊಡುತ್ತವೆ.

ಇದಕ್ಕೆ ಪ್ಲಸ್ ಬದಲು ಟಿಲ್ಡ್ ಹಾಕಬೇಡಿ. ಹಾಕಿದರೆ ಎಲ್ಲ ತಿಂಡಿಗಳ ಗೆರೆಯೂ ಹೋಗುತ್ತದೆ. ನಾನು ಮಾಡಿದ್ದು ನಿಯಮವನ್ನೇ ತಿರುಗಿಸುವುದು. ಗೆರೆ ಎಲ್ಲದಕ್ಕೂ ಹಾಕಿ ಒಂದಕ್ಕೆ ತೆಗೆಯುವ ಬದಲು, ತಿಂಡಿಯ ಹಿಂದೆ ತಿಂಡಿ ಇದ್ದಾಗ ಮಾತ್ರ ಗೆರೆ ಹಾಕುವುದು:

.ತಿಂಡಿ + .ತಿಂಡಿ

ಈಗ ತಲೆಬರಹದ ಕೆಳಗೆ ಏನೇ ತಂದು ತುರುಕಲಿ, ಬನ್ಸಿಗೆ ಗೆರೆ ಬರುವುದಿಲ್ಲ. ಗೆರೆ ಇರುವುದು ಎರಡು ತಿಂಡಿಗಳನ್ನು ಬೇರೆ ಮಾಡುವುದಕ್ಕೆ. ಹಾಗಾಗಿ ಅದು ಎರಡು ತಿಂಡಿ ಸೇರಿದಲ್ಲೇ ಹುಟ್ಟಬೇಕು.

ಹಿಂದಿನ ಎಲಿಮೆಂಟ್ ಹಿಡಿಯುವುದು ಹೇಗೆ?

ತುಂಬಾ ವರ್ಷ ಇದಕ್ಕೆ ಉತ್ತರ "ಆಗುವುದಿಲ್ಲ" ಎಂದೇ ಇತ್ತು. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ "ರೈಟ್, ಪೋಯಿ" ಅಂದ ಮೇಲೆ ಹಿಂದೆ ನೋಡುವುದಿಲ್ಲವಲ್ಲ, ಸಿಎಸ್‌ಎಸ್ ಕೂಡ ಹಾಗೇ ಇತ್ತು. ಬ್ರೌಸರ್ ಪುಟವನ್ನು ಮೇಲಿನಿಂದ ಕೆಳಗೆ ಓದುತ್ತಾ ಅಲ್ಲಲ್ಲೇ ಬಣ್ಣ ಹಚ್ಚುತ್ತಾ ಬರುತ್ತದೆ. ಮುಂದೆ ಏನು ಬರುತ್ತದೆ ಅಂತ ನೋಡಿ ಹಿಂದಿನದನ್ನು ಬದಲಿಸುವುದು ನಿಧಾನದ ಕೆಲಸ ಆಗುತ್ತದೆ ಎಂಬ ಹೆದರಿಕೆ ಇತ್ತು.

ಈಗ ಹ್ಯಾಸ್ ಇದೆ. ಸಫಾರಿ 15.4ರಲ್ಲಿ 2022ರ ಮಾರ್ಚ್‌ನಲ್ಲಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಕ್ರೋಮ್ 105ಕ್ಕೆ ಬಂತು. ಫೈರ್‌ಫಾಕ್ಸ್ ಸ್ವಲ್ಪ ತಡ, 2023ರ ಡಿಸೆಂಬರ್‌ನಲ್ಲಿ 121ನೇ ಆವೃತ್ತಿಯಲ್ಲಿ.

.ನಿಲ್ದಾಣ:ಹ್ಯಾಸ್(+ .ಈಗ)

"ಯಾವ ನಿಲ್ದಾಣದ ತಕ್ಷಣ ಮುಂದೆ ಬಸ್ ನಿಂತಿದೆಯೋ ಆ ನಿಲ್ದಾಣ" ಎಂದು ಓದಿಕೊಳ್ಳಿ. ಬಸ್ ಕಾಪುವಿನಲ್ಲಿದ್ದರೆ ಇದು ಉಚ್ಚಿಲ. ಪ್ಲಸ್ ಜಾಗದಲ್ಲಿ ಟಿಲ್ಡ್ ಹಾಕಿದರೆ ದಾಟಿ ಬಂದ ಎಲ್ಲ ಊರುಗಳೂ ಸಿಗುತ್ತವೆ. ಅವನ್ನು ಮಂಕು ಮಾಡಬಹುದು.

ಇನ್ನೂ ಚಂದದ್ದು ಒಂದಿದೆ. ಪ್ರಯಾಣಿಕ ಹತ್ತುವ ಊರು ಮುಲ್ಕಿ, ಇಳಿಯುವ ಊರು ಕಟಪಾಡಿ. ನಡುವಿನ ಊರುಗಳು ಮಾತ್ರ ದಪ್ಪ ಅಕ್ಷರದಲ್ಲಿ ಬೇಕು.

.ಹತ್ತುವ ~ .ನಿಲ್ದಾಣ:ಹ್ಯಾಸ್(~ .ಇಳಿಯುವ)

ಹತ್ತಿದ ಮೇಲಿನದು, ಆದರೆ ಇಳಿಯುವುದು ಇನ್ನೂ ಮುಂದೆ ಇರುವಂಥದ್ದು. ಪಡುಬಿದ್ರಿ, ಉಚ್ಚಿಲ, ಕಾಪು. ಇದನ್ನು ಮೊದಲ ಸಲ ಬೋರ್ಡಿನ ಮೇಲೆ ಬರೆದ ದಿನ ಹಿಂದಿನ ಬೆಂಚಿನವರೂ ಫೋನ್ ಕೆಳಗಿಟ್ಟಿದ್ದರು.

ಹಳೆಯ ಫೋನಿನಲ್ಲಿ ಹ್ಯಾಸ್ ನಡೆಯದಿದ್ದರೆ?

ಆ ನಿಯಮ ಪೂರ್ತಿ ಬಿದ್ದುಹೋಗುತ್ತದೆ, ಬೇರೇನೂ ಕೆಡುವುದಿಲ್ಲ. ಆದರೆ ಅಲ್ಪವಿರಾಮ ಹಾಕಿ ಬೇರೆ ಸೆಲೆಕ್ಟರ್ ಜೊತೆ ಸೇರಿಸಬೇಡಿ. ಪಟ್ಟಿಯಲ್ಲಿ ಒಂದು ಅರ್ಥವಾಗದಿದ್ದರೆ ಬ್ರೌಸರ್ ಎಲ್ಲವನ್ನೂ ಎಸೆಯುತ್ತದೆ. ಹ್ಯಾಸ್ ಇರುವುದನ್ನು ಪ್ರತ್ಯೇಕ ಬರೆಯಿರಿ. ಮತ್ತೆ, ಹ್ಯಾಸ್ ಒಳಗೆ ಇನ್ನೊಂದು ಹ್ಯಾಸ್ ಹಾಕಲು ಆಗುವುದಿಲ್ಲ.

ಎರಡು ಪ್ಯಾರಾಗಳ ನಡುವಿನ ಜಾಗಕ್ಕೆ ಮಾರ್ಜಿನ್ ಯಾರಿಗೆ ಕೊಡಬೇಕು, ಮೇಲಿನದಕ್ಕಾ ಕೆಳಗಿನದಕ್ಕಾ?

ಜಗಳ ಹಚ್ಚುವ ಪ್ರಶ್ನೆ. ನನ್ನ ಮಟ್ಟಿಗೆ ಜಾಗ ಇಬ್ಬರದ್ದೂ ಅಲ್ಲ, ನಡುವಿನದ್ದು. ಪ್ರತಿ ಪ್ಯಾರಾಕ್ಕೂ ಕೆಳಗಡೆ ಮಾರ್ಜಿನ್ ಕೊಟ್ಟರೆ ಕೊನೆಯ ಪ್ಯಾರಾದ ಕೆಳಗೂ ಬೇಡದ ಜಾಗ ಉಳಿಯುತ್ತದೆ. ಆಮೇಲೆ ಅದನ್ನು ತೆಗೆಯಲು ಇನ್ನೊಂದು ನಿಯಮ ಬೇಕು. ಅದರ ಬದಲು:

.ಬರಹ > * + *

ಅಂದರೆ ಬರಹದ ನೇರ ಒಳಗೆ (ಬಾಣದ ತಲೆಯಂಥ ಚಿಹ್ನೆ ಹೇಳುವುದು ಅದನ್ನೇ; ನಕ್ಷತ್ರ ಅಂದರೆ ಯಾವ ಎಲಿಮೆಂಟ್ ಆದರೂ ಸರಿ), ಯಾವುದರ ಹಿಂದೆ ಇನ್ನೊಂದು ಇದೆಯೋ ಅದಕ್ಕೆ ಮೇಲ್ಗಡೆ ಮಾರ್ಜಿನ್. ಮೊದಲನೆಯದಕ್ಕೆ ತಾನಾಗಿ ಇಲ್ಲ. ನಕ್ಷತ್ರ, ಪ್ಲಸ್, ನಕ್ಷತ್ರ ಸೇರಿ ಗೂಬೆಯ ಮುಖದಂತೆ ಕಾಣುತ್ತದೆ ಅಂತ 2014ರಲ್ಲಿ ವೆಬ್ ಡಿಸೈನರ್ ಹೇಡನ್ ಪಿಕರಿಂಗ್ ಇದಕ್ಕೆ ಗೂಬೆಯ ಹೆಸರನ್ನೇ ಇಟ್ಟರು. ನಮ್ಮಲ್ಲಿ ಗೂಬೆ ಅಂದರೆ ಬೈಗುಳ. ಕ್ಲಾಸಿನಲ್ಲಿ ಒಂದು ನಗು ಗ್ಯಾರಂಟಿ.

ಕಾರ್ಡುಗಳ ಸಾಲು, ಬಟನ್‌ಗಳ ಸಾಲು ಆದರೆ ಗೂಬೆ ಬೇಡ. ಎಲಿಮೆಂಟ್‌ಗಳನ್ನು ಸಾಲಾಗಿ, ಚೌಕಳಿಯಾಗಿ ಜೋಡಿಸುವ ಫ್ಲೆಕ್ಸ್ ಅಥವಾ ಗ್ರಿಡ್ ಮಾಡಿ ಗ್ಯಾಪ್ ಕೊಡಿ. ಫ್ಲೆಕ್ಸ್‌ನಲ್ಲಿ ಗ್ಯಾಪ್ 2021ರಲ್ಲಿ ಸಫಾರಿ 14.1 ಬಂದ ಮೇಲೆ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ನಡೆಯುತ್ತಿದೆ. ಸಾಲು ಮುರಿದು ಕೆಳಗೆ ಬಂದಾಗಲೂ ಅಳತೆ ತಪ್ಪುವುದಿಲ್ಲ, ಪ್ಲಸ್‌ನಿಂದ ಕೊಟ್ಟ ಮಾರ್ಜಿನ್ ತಪ್ಪುತ್ತದೆ.

ಉದ್ದದ ಕನ್ನಡ ಬರಹಕ್ಕೆ ಮಾತ್ರ ಪ್ಲಸ್ಸೇ ಸರಿ, ಯಾಕೆಂದರೆ ಅಲ್ಲಿ ಎಲ್ಲ ಜಾಗವೂ ಒಂದೇ ಅಳತೆಯದ್ದಲ್ಲ. ತಲೆಬರಹದ ನಂತರದ ಪ್ಯಾರಾ ಹತ್ತಿರ ಇರಬೇಕು. ಪ್ಯಾರಾದ ನಂತರ ಬರುವ ತಲೆಬರಹ ದೂರ ಇರಬೇಕು. ಪ್ಯಾರಾದ ನಂತರದ ಪ್ಯಾರಾಕ್ಕೆ ಬೇಕಾದರೆ ಮೊದಲ ಸಾಲು ಸ್ವಲ್ಪ ಒಳಗೆ ತಳ್ಳಬಹುದು, ಪುಸ್ತಕಗಳಲ್ಲಿ ಇರುತ್ತದಲ್ಲ ಹಾಗೆ. ನಮ್ಮ ಲಿಪಿಗೆ ಒತ್ತಕ್ಷರ ಇರುವುದರಿಂದ ಸಾಲಿನ ಎತ್ತರ ಇಂಗ್ಲಿಷಿಗಿಂತ ಜಾಸ್ತಿ ಬೇಕು. ನಾನು 1.7ರ ಆಸುಪಾಸು ಇಡುತ್ತೇನೆ. ಸಾಲುಗಳ ನಡುವೆಯೇ ಅಷ್ಟು ಜಾಗ ಇದ್ದಾಗ ಪ್ಯಾರಾಗಳ ನಡುವಿನ ಜಾಗ ಎದ್ದು ಕಾಣಬೇಕಾದರೆ ಅದೂ ಹೆಚ್ಚಬೇಕು. ಇಂಗ್ಲಿಷ್ ಥೀಮ್ ತಂದು ಕನ್ನಡ ತುಂಬಿದಾಗ ಪುಟ ಒಂದೇ ಗಟ್ಟಿ ಗೋಡೆಯಂತೆ ಕಾಣುವುದು ಇದಕ್ಕೇ.

ಕನ್ನಡ ಪ್ಯಾರಾದ ಕೆಳಗೆ ಅದರ ತುಳು ರೂಪ ಕೊಡುತ್ತೇವೆ. ಬೇರೆ ಬಣ್ಣ ಬೇಕು. ಎರಡೂ ಕನ್ನಡ ಲಿಪಿಯಲ್ಲೇ ಇದೆಯಲ್ಲ?

ಲಿಪಿ ಒಂದೇ ಆದರೂ ಭಾಷೆ ಬೇರೆ ಅಂತ ಹೇಳಲು ಲ್ಯಾಂಗ್ ಆಟ್ರಿಬ್ಯೂಟ್ ಇದೆ. ಕನ್ನಡದ ಕೋಡ್ ಕೆಎನ್, ತುಳುವಿನದ್ದು ಟಿಸಿವೈ, ಕೊಂಕಣಿಯದ್ದು ಕೆಒಕೆ. ಪ್ಯಾರಾಗಳಿಗೆ ಅದನ್ನು ಹಾಕಿ. ಆಮೇಲೆ:

:ಲ್ಯಾಂಗ್(ಕೆಎನ್) + :ಲ್ಯಾಂಗ್(ಟಿಸಿವೈ)

ಕೋಡ್‌ಗಳೂ ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಕನ್ನಡದ ಬೆನ್ನಿಗೆ ಬಂದ ತುಳುವಿಗೆ ಮಾತ್ರ ಎಡಗಡೆ ಒಂದು ಕೆಂಪು ಪಟ್ಟಿ ಹಾಕಬಹುದು. ಬರೀ ತುಳುವಿನಲ್ಲಿರುವ ಪುಟ ಹಾಗೇ ಉಳಿಯುತ್ತದೆ. ಅಂದಹಾಗೆ, 2024ರ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಯೂ ಸೇರಿದೆ. ಮುಂದೆ ಆ ಲಿಪಿಯಲ್ಲೇ ಬರೆದರೂ ಈ ನಿಯಮ ಬದಲಿಸಬೇಕಾಗಿಲ್ಲ.

ಕ್ಲಾಸ್ ಹೆಸರು ನಿಜವಾಗಿಯೂ ಕನ್ನಡದಲ್ಲಿ ಇಡಬಹುದಾ?

ಇಡಬಹುದು. ಫೈಲ್ ಅನ್ನು ಯುಟಿಎಫ್-8ರಲ್ಲಿ ಉಳಿಸಿದರೆ ಸಾಕು. ಆದರೆ ಒಂದು ಗುಂಡಿ ಇದೆ, ಹುಷಾರು. "ಬಸ್‌ಸ್ಟಾಂಡ್" ಎಂಬಲ್ಲಿ ಒತ್ತು ಬರದಂತೆ ನಾವು ಕಾಣದ ಒಂದು ಅಕ್ಷರ ಹಾಕುತ್ತೇವಲ್ಲ, ಅದೂ ಹೆಸರಿನ ಭಾಗವೇ. ಪದದ ಕೊನೆಯಲ್ಲಿ ಅಂಥದ್ದು ಸೇರಿಕೊಂಡರಂತೂ ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಎಚ್‌ಟಿಎಂಎಲ್‌ನಲ್ಲಿ ಅದು ಇದ್ದು ಸಿಎಸ್‌ಎಸ್‌ನಲ್ಲಿ ಇಲ್ಲದಿದ್ದರೆ ಎರಡೂ ಬೇರೆ ಬೇರೆ ಹೆಸರು. ಹಾಗಾಗಿ "ಈಗ", "ಊರು" ಥರದ ಸರಳ ಪದ ಇಡಿ. ಬೇರೆಯವರಿಗೆ ಮಾಡಿಕೊಡುವ ಕೆಲಸದಲ್ಲಿ ನಾನು ಇಂಗ್ಲಿಷ್ ಹೆಸರನ್ನೇ ಇಡುತ್ತೇನೆ. ಕಲಿಯುವಾಗ ಕನ್ನಡ ಒಳ್ಳೆಯದು, ಯಾವುದು ನಮ್ಮ ಪದ, ಯಾವುದು ಸಿಎಸ್‌ಎಸ್‌ನ ಪದ ಅಂತ ತಟ್ಟನೆ ಗೊತ್ತಾಗುತ್ತದೆ.

ಫಾರ್ಮ್‌ಗಳಲ್ಲಿ ಇದರಿಂದ ಏನು ಉಪಯೋಗ?

ತುಂಬಾ ಇದೆ. ಮೀನು ಮನೆಗೆ ತಲುಪಿಸುವ ಒಂದು ಪುಟ ಅಂತಿಟ್ಟುಕೊಳ್ಳಿ. ಅಂಜಲ್ ಎದುರು "ಕತ್ತರಿಸಿ ಕೊಡಿ" ಎಂಬ ಚೆಕ್‌ಬಾಕ್ಸ್. ಟಿಕ್ ಮಾಡಿದರೆ ಮಾತ್ರ "ತುಂಡು ದಪ್ಪವೋ ತೆಳುವೋ" ಎಂಬ ಡಬ್ಬಿ ತೆರೆಯಬೇಕು.

ಇನ್‌ಪುಟ್:ಚೆಕ್ಡ್ ~ .ತುಂಡು

ಜಾವಾಸ್ಕ್ರಿಪ್ಟ್ ಬೇಕಾಗಿಲ್ಲ. ಆದರೆ ಚೆಕ್‌ಬಾಕ್ಸ್ ಮತ್ತು ಡಬ್ಬಿ ಒಂದೇ ಪೇರೆಂಟ್ ಒಳಗೆ ಇರಬೇಕು, ಚೆಕ್‌ಬಾಕ್ಸ್ ಮೊದಲು ಬರಬೇಕು. ಚಂದ ಕಾಣಲಿ ಅಂತ ಚೆಕ್‌ಬಾಕ್ಸ್ ಅನ್ನೇ ಡಿಸ್‌ಪ್ಲೇ ನನ್ ಮಾಡುವವರು ಇದ್ದಾರೆ. ಹಾಗೆ ಮಾಡಿದರೆ ಕೀಬೋರ್ಡಿನಿಂದ ಅದನ್ನು ಮುಟ್ಟಲು ಆಗುವುದಿಲ್ಲ. ದಯವಿಟ್ಟು ಬೇಡ.

ಇನ್ನೊಂದು. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಕೆಲವು ಮೀನಿಗೆ ದರವೇ ಇರುವುದಿಲ್ಲ. ದರದ ಜಾಗ ಖಾಲಿ ಇದ್ದರೆ ಪಕ್ಕದ ಬಟನ್ ಮಾಯ ಆಗಲಿ:

.ದರ:ಎಂಪ್ಟಿ + .ಬಟನ್

ಎಂಪ್ಟಿ ಅಂದರೆ ಪೂರ್ತಿ ಖಾಲಿ. ಒಳಗೆ ಒಂದು ಸ್ಪೇಸ್ ಇದ್ದರೂ ಬ್ರೌಸರ್ ಅದನ್ನು ಖಾಲಿ ಅನ್ನುವುದಿಲ್ಲ.

ತಪ್ಪು ತೋರಿಸುವ ಸಂದೇಶಕ್ಕೆ ಇನ್‌ವ್ಯಾಲಿಡ್ ಬಳಸಿದರೆ ಜನ ಟೈಪ್ ಮಾಡುವ ಮೊದಲೇ ಕೆಂಪಗೆ ಬೈಯುತ್ತದೆ. ಯೂಸರ್-ಇನ್‌ವ್ಯಾಲಿಡ್ ಬಳಸಿ. ಅದು ಜನ ಬರೆದು ಮುಗಿಸುವ ತನಕ ಕಾಯುತ್ತದೆ. 2023ರಿಂದ ಮುಖ್ಯ ಬ್ರೌಸರ್‌ಗಳಲ್ಲೆಲ್ಲ ಇದೆ.

ಫಸ್ಟ್-ಆಫ್-ಟೈಪ್ ಹಾಕಿದರೆ ಆ ಕ್ಲಾಸಿನ ಮೊದಲನೆಯದು ಸಿಗುವುದಿಲ್ಲವಾ?

ಸಿಗುವುದಿಲ್ಲ. ಟೈಪ್ ಅಂದರೆ ಟ್ಯಾಗ್ (ಪ್ಯಾರಾ, ಡಿವ್ ಥರ ಎಲಿಮೆಂಟಿನ ಜಾತಿ), ಕ್ಲಾಸ್ ಅಲ್ಲ. ಕ್ಲಾಸಿನ ಮೊದಲನೆಯದು ಬೇಕಾದರೆ "ತನ್ನ ಹಿಂದೆ ಅದೇ ಕ್ಲಾಸಿನ ಇನ್ನೊಂದು ಇಲ್ಲದ್ದು" ಅಂತ ಕೇಳಿ:

.ತಿಂಡಿ:ನಾಟ್(.ತಿಂಡಿ ~ .ತಿಂಡಿ)

ಕೊನೆಯದು ಬೇಕಾದರೆ "ತನ್ನ ಮುಂದೆ ಇಲ್ಲದ್ದು":

.ತಿಂಡಿ:ನಾಟ್(:ಹ್ಯಾಸ್(~ .ತಿಂಡಿ))

ಫ್ಲೆಕ್ಸ್‌ನ ಆರ್ಡರ್ ಬಳಸಿ ಜಾಗ ಅದಲುಬದಲು ಮಾಡಿದರೆ ಪ್ಲಸ್ ಯಾರನ್ನು ಹಿಡಿಯುತ್ತದೆ?

ಎಚ್‌ಟಿಎಂಎಲ್‌ನಲ್ಲಿ ಮುಂದೆ ಇರುವವರನ್ನೇ. ಸ್ಕ್ರೀನ್ ಮೇಲೆ ಉಡುಪಿಯನ್ನು ಮೊದಲು ತೋರಿಸಿದ ಮಾತ್ರಕ್ಕೆ ಅದು ಕೊಟ್ಟಾರ ಚೌಕಿಗಿಂತ ಮೊದಲು ಬರುವುದಿಲ್ಲ.

ಪ್ಲಸ್, ಟಿಲ್ಡ್ ಹಾಕಿದರೆ ಸ್ಪೆಸಿಫಿಸಿಟಿ ಹೆಚ್ಚುತ್ತದಾ?

ಸ್ಪೆಸಿಫಿಸಿಟಿ ಅಂದರೆ ಎರಡು ನಿಯಮ ಡಿಕ್ಕಿ ಹೊಡೆದಾಗ ಯಾವುದು ಗೆಲ್ಲಬೇಕು ಅಂತ ಹೇಳುವ ತೂಕ. ಚಿಹ್ನೆಗೆ ತೂಕ ಇಲ್ಲ, ಎರಡೂ ಬದಿಯ ಹೆಸರುಗಳಿಗೆ ಇದೆ. ಹ್ಯಾಸ್ ಮತ್ತು ನಾಟ್ ತಮ್ಮ ಒಳಗಿನ ಅತಿ ಭಾರದ ಸೆಲೆಕ್ಟರ್‌ನ ತೂಕ ತೆಗೆದುಕೊಳ್ಳುತ್ತವೆ. ಒಳಗೆ ಐಡಿ (ಪುಟದಲ್ಲಿ ಒಂದೇ ಎಲಿಮೆಂಟ್‌ಗೆ ಇಡುವ ಹೆಸರು) ಹಾಕಿದರೆ ಆಮೇಲೆ ಅದನ್ನು ಮೀರಿಸುವುದು ಕಷ್ಟ.

ಎಷ್ಟು ಸಿಬ್ಲಿಂಗ್ ಇದೆ ಅಂತ ಎಣಿಸಿ ಸ್ಟೈಲ್ ಮಾಡಬಹುದಾ?

ಮಾಡಬಹುದು. ಪಟ್ಟಿಯಲ್ಲಿ ಐದು ಅಥವಾ ಜಾಸ್ತಿ ಇದ್ದರೆ ಎರಡು ಕಾಲಂ ಆಗಬೇಕು ಅಂದರೆ:

.ಪಟ್ಟಿ:ಹ್ಯಾಸ್(> :ಎನ್‌ತ್-ಚೈಲ್ಡ್(5))

ಐದನೆಯ ಮಗು ಇದೆ ಅಂದರೆ ಕಡಿಮೆ ಅಂದರೂ ಐದು ಇದೆ ಅಂತಲೇ ಅಲ್ವಾ? ಒಂದೊಂದೇ ಸಾಲು ಸ್ವಲ್ಪ ತಡವಾಗಿ ಜಾರಿ ಬರುವ ಅನಿಮೇಶನ್‌ಗೆ ಸಿಬ್ಲಿಂಗ್-ಇಂಡೆಕ್ಸ್ ಎಂಬ ಹೊಸ ಫಂಕ್ಷನ್ ಇದೆ. ನಾನು ಸಾಲಿನಲ್ಲಿ ಎಷ್ಟನೆಯವನು ಎಂಬ ಸಂಖ್ಯೆಯನ್ನೇ ಕೊಡುತ್ತದೆ. ಕ್ರೋಮ್‌ಗೆ 2025ರಲ್ಲಿ 138ನೇ ಆವೃತ್ತಿಯಲ್ಲಿ ಬಂತು. ಅಲಂಕಾರಕ್ಕೆ ಬಳಸಿ, ಪುಟದ ಮುಖ್ಯ ಜೋಡಣೆಯನ್ನು ಅದರ ಮೇಲೆ ನಿಲ್ಲಿಸಬೇಡಿ.

ಇದೆಲ್ಲ ಯಾಕೆ, ಬೇಕಾದದ್ದಕ್ಕೆ ಒಂದು ಕ್ಲಾಸ್ ಹಾಕಿದರೆ ಆಗುವುದಿಲ್ಲವಾ?

ಎಷ್ಟೋ ಸಲ ಅದೇ ಸರಿ. "ಈ ಬಟನ್ ಮುಖ್ಯ" ಎನ್ನುವುದು ಬಟನ್‌ನ ಸ್ವಂತ ಗುಣ. ಅದಕ್ಕೆ ಕ್ಲಾಸ್ ಹಾಕಿ. ಅದು ಮೂರನೆಯ ಪ್ಯಾರಾದ ಪಕ್ಕದಲ್ಲಿದೆ ಅಂತ ಹುಡುಕಿ ಬಣ್ಣ ಹಚ್ಚಿದರೆ, ನಾಳೆ ಪ್ಯಾರಾ ಜಾಗ ಬದಲಾಯಿಸಿದಾಗ ಬಣ್ಣ ಹೋಗುತ್ತದೆ. "ದಾಟಿ ಬಂದ ಊರು", "ಎರಡು ತಿಂಡಿಗಳ ನಡುವಿನ ಗೆರೆ", ಇವು ಮಾತ್ರ ಒಬ್ಬರ ಗುಣ ಅಲ್ಲ. ಸಾಲು ಬದಲಾದಾಗ ಇವೂ ತಾವಾಗಿ ಬದಲಾಗಬೇಕು. ಅಲ್ಲಿ ಕ್ಲಾಸ್ ಹಾಕಿದರೆ ಅದನ್ನು ದಿನಾ ಸರಿಪಡಿಸುವ ಚಾಕರಿ ನಿಮ್ಮ ತಲೆಗೆ ಬರುತ್ತದೆ. ಪ್ಲಸ್ ಮೇಲೆ ಪ್ಲಸ್ ನಾಲ್ಕು ಸೇರಿಸಿದ ಸೆಲೆಕ್ಟರ್ ಕಂಡರೆ ಮಾತ್ರ ನಾನು ಅಳಿಸಿಬಿಡುತ್ತೇನೆ.

ಲಿಂಕ್ ನೋಡಿ ಆಗಿದ್ದರೆ ಪಕ್ಕದಲ್ಲಿ ಟಿಕ್ ಮಾರ್ಕ್ ತೋರಿಸಬೇಕು. ವಿಸಿಟೆಡ್ ಜೊತೆ ಪ್ಲಸ್ ಹಾಕಿದೆ, ಏನೂ ಆಗಲಿಲ್ಲ.

ಆಗುವುದೂ ಇಲ್ಲ, ಬೇಕೆಂದೇ ತಡೆದಿದ್ದಾರೆ. ನೀವು ಯಾವ ಪುಟಗಳಿಗೆ ಹೋಗಿದ್ದೀರಿ ಅಂತ ಬೇರೆ ಸೈಟ್‌ಗಳು ಪಕ್ಕದ ಎಲಿಮೆಂಟ್ ಅಳೆದು ಪತ್ತೆ ಮಾಡಬಹುದಿತ್ತು. ಹಾಗಾಗಿ ನೋಡಿದ ಲಿಂಕಿನ ಪಕ್ಕದ ಎಲಿಮೆಂಟ್‌ಗೆ, ಲಿಂಕ್ ನೋಡಿಯೇ ಇಲ್ಲ ಎಂಬಂತೆ ಬ್ರೌಸರ್ ಸ್ಟೈಲ್ ಕೊಡುತ್ತದೆ. ಲಿಂಕಿನ ಸ್ವಂತ ಬಣ್ಣ ಬದಲಿಸಬಹುದು. ಟಿಕ್ ಬೇಕೇ ಬೇಕು ಅಂದರೆ ಯಾವುದನ್ನು ಓದಿ ಆಯಿತು ಎಂಬ ಲೆಕ್ಕ ನಿಮ್ಮ ಸೈಟೇ ಇಟ್ಟುಕೊಂಡು, ಓದಿದ್ದಕ್ಕೆ ಒಂದು ಕ್ಲಾಸ್ ಹಾಕಬೇಕು. ಆ ಕ್ಲಾಸಿನ ಮುಂದೆ ಪ್ಲಸ್ ಧಾರಾಳವಾಗಿ ನಡೆಯುತ್ತದೆ.